‘ಹೊರಗ ತಗೋರಿ’ ಅನ್ನೋ ಚೀಟಿಯ ಹಿಂದಿನ ಕಥೆ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಆಯಿಯನ್ನು (ನಮ್ಮ ಮನೆಯಲ್ಲಿ ಅಜ್ಜಿಗೆ ಹಾಗಂತೀವಿ) ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನವಲಗುಂದದ ಕಡೆಯ ಎರಿ ಹೊಲದ ಊರು ನಮ್ಮದು. ಟಂಟಂ ಹತ್ತಿ, ಸರದಿಯಲ್ಲಿ ನಿಂತು, ಡಾಕ್ಟರು ಬರೆದ ಚೀಟಿ ಹಿಡಿದು ಔಷಧ ಕೊಡೋ ಕಿಟಕಿಗೆ ಬಂದೆವು. ಒಳಗಿದ್ದವರು ಚೀಟಿ ನೋಡಿ, "ಸಕ್ಕರಿ ಗುಳಿಗಿ ಅದಾವ್ರಿ. ಬಿ.ಪಿ.ದು ಖಾಲಿ ಆಗ್ಯಾವ. ಹೊರಗ ತಗೋರಿ" ಅಂದರು.

"ಯಾವಾಗ ಬರ್ತಾವ್ರಿ?"

"ಮ್ಯಾಲಿಂದ ಬಂದ್ರ ಕೊಡ್ತೀವ್ರಿ. ನಾ ಏನ್ ಮನ್ಯಾಗ ಮಾಡ್ಕೊಂಡ ಬರ್ಲೇನ್ರಿ?"

ನಾನು ಇನ್ನೇನೋ ಕೇಳುವಷ್ಟರಲ್ಲಿ ಆಯಿ ತೋಳು ಜಗ್ಗಿದಳು. "ಬ್ಯಾಡೋ ತಮ್ಮಾ, ಅವ್ರೇನ್ ಮಾಡ್ತಾರ. ಹ್ವಾದ ತಿಂಗಳೂ ಹಿಂಗ ಅಂದಿದ್ರು. ಮನ್ಯಾಗ ಇದ್ದವನ್ನ ಅರ್ಧ ಅರ್ಧ ಮುರ್ಕೊಂಡ್ ತಗೊಂಡೀನಿ."

ಅರ್ಧ ಅರ್ಧ! ಒಂದು ತಿಂಗಳಿಂದ ಆಯಿ ಬಿ.ಪಿ. ಗುಳಿಗೆಯನ್ನು ಮುರಿದುಕೊಂಡು ತಿನ್ನುತ್ತಿದ್ದಳು. ಫೋನಿನಲ್ಲಿ ದಿನಾ ಮಾತಾಡುವ ನನಗೆ ಗೊತ್ತೇ ಇಲ್ಲ. ಹೊರಗಿನ ಅಂಗಡಿಗೆ ಹೋಗಿ ಮೂರು ತಿಂಗಳಿಗಾಗುವಷ್ಟು ತಂದುಕೊಟ್ಟೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಮೊಮ್ಮಗನಿಗೆ ಅದೇನು ದೊಡ್ಡ ದುಡ್ಡಲ್ಲ. ಆದರೆ ನಮ್ಮ ಹಿಂದೆ ಸರದಿಯಲ್ಲಿದ್ದ ಮುದುಕರೆಲ್ಲರಿಗೂ ಮೊಮ್ಮಕ್ಕಳು ಬೆಂಗಳೂರಿನಲ್ಲಿಲ್ಲವಲ್ಲ. (ಯಾವ ದವಾಖಾನೆ ಅಂತ ಕೇಳಬೇಡಿ. ಇಂಥ ಕಿಟಕಿ ಇರೋದು ಅದೊಂದರಲ್ಲೇ ಅಲ್ಲ.)

ವಾಪಸ್ ಬಂದ ಮೇಲೂ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಸರಕಾರಿ ದವಾಖಾನೆಯ ಗುಳಿಗೆಗೆ ಬೆಲೆ ಕಟ್ಟುವವರು ಯಾರು? "ಮ್ಯಾಲಿಂದ" ಅಂದರೆ ಎಲ್ಲಿಂದ? ರಾತ್ರಿ ಹೊತ್ತು ಕೂತು ಹುಡುಕುತ್ತಾ ಹೋದೆ. ಕಥೆ ನಾನಂದುಕೊಂಡಿದ್ದಕ್ಕಿಂತ ಹಳೆಯದು. ಅದರಲ್ಲಿ ನಮ್ಮ ಕರ್ನಾಟಕದ್ದೇ ಒಂದು ದೊಡ್ಡ ಅಧ್ಯಾಯವಿದೆ ಅನ್ನೋದಂತೂ ನನಗೆ ಹೊಸ ವಿಷಯ.

ಮೊದಲಿಗೆ ಬೆಲೆಯ ಕಥೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದಲ್ಲಿ ಔಷಧ ಬಲು ದುಬಾರಿ. 1961ರಲ್ಲಿ ಅಮೆರಿಕದ ಸೆನೆಟರ್ ಕೆಫಾವರ್ ಅವರ ಸಮಿತಿ ಬೇರೆ ಬೇರೆ ದೇಶಗಳ ಔಷಧ ದರ ಹೋಲಿಸಿದಾಗ, ಅತಿ ಹೆಚ್ಚು ಬೆಲೆಯ ದೇಶಗಳ ಸಾಲಿನಲ್ಲಿ ನಮ್ಮ ಬಡ ಭಾರತವೂ ಇತ್ತು. ಔಷಧದ ಪೇಟೆಂಟು ವಿದೇಶಿ ಕಂಪನಿಗಳ ಕೈಲಿ, ತಯಾರಿಕೆಯೂ ಬಹುಪಾಲು ಅವರದ್ದೇ. ಚೀನಾ ಯುದ್ಧದ ಹೊತ್ತಿನಲ್ಲಿ ಸರಕಾರ ಮೊದಲ ಸಲ ಕೈ ಹಾಕಿತು. 1962ರಲ್ಲಿ ಬೆಲೆಯನ್ನು ಪ್ರಕಟಿಸಬೇಕೆಂಬ ಆದೇಶ, 1963ರಲ್ಲಿ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನೇ ಖಾಯಂ ಮಾಡುವ ಆದೇಶ. 1970ರಲ್ಲಿ ಅಗತ್ಯ ವಸ್ತುಗಳ ಕಾಯ್ದೆಯಡಿ ಔಷಧ ಬೆಲೆ ನಿಯಂತ್ರಣ ಆದೇಶ ಬಂತು. ಅದೇ ವರ್ಷ ಹೊಸ ಪೇಟೆಂಟ್ ಕಾಯ್ದೆಯೂ ಆಯಿತು. ಔಷಧ ವಸ್ತುವಿಗೇ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಅಂದಿದ್ದೇ ತಡ, ನಮ್ಮವರು ಬೇರೆ ದಾರಿಯಲ್ಲಿ ಅದೇ ಔಷಧ ತಯಾರಿಸಲು ಶುರುಮಾಡಿದರು. 1975ರ ಹಾಥಿ ಸಮಿತಿ ಬ್ರಾಂಡ್ ಹೆಸರುಗಳನ್ನೇ ಹಂತಹಂತವಾಗಿ ಕೈಬಿಡಬೇಕು ಅಂದಿತು. (ಅದು ಆಗಲಿಲ್ಲ ಅಂತ ಬೇರೆ ಹೇಳಬೇಕೇ!)

1979ರ ಆದೇಶ ಬೆಲೆ ನಿಯಂತ್ರಣದ ಶಿಖರ. 347 ಮೂಲ ಔಷಧಗಳು ಅದರಡಿ ಬಂದವು. ಆಮೇಲೆ ಇಳಿಜಾರು. 1987ರಲ್ಲಿ 142, 1995ರಲ್ಲಿ 74. ಉದಾರೀಕರಣದ ಗಾಳಿ, ಜೊತೆಗೆ ನಿಯಂತ್ರಣ ಹೆಚ್ಚಾದರೆ ಕಂಪನಿಗಳು ಅಂಥ ಔಷಧ ತಯಾರಿಸೋದನ್ನೇ ಬಿಡುತ್ತವೆ ಎಂಬ ವಾದ. ವಾದದಲ್ಲಿ ಸ್ವಲ್ಪ ಹುರುಳೂ ಇತ್ತು ಅನ್ನಿ.

ಈಗ ನಮ್ಮ ಅಧ್ಯಾಯಕ್ಕೆ ಬರೋಣ. 2002ರ ಫೆಬ್ರವರಿ 15ರಂದು ಕೇಂದ್ರ ಸರಕಾರ ಹೊಸ ಔಷಧ ನೀತಿ ಪ್ರಕಟಿಸಿತು. ಒಂದು ಔಷಧ ಬೆಲೆ ನಿಯಂತ್ರಣಕ್ಕೆ ಬರಬೇಕೋ ಬೇಡವೋ ಅಂತ ತೀರ್ಮಾನಿಸಲು ಅದರಲ್ಲಿದ್ದ ಅಳತೆ ನೋಡಿ. ವಹಿವಾಟು 25 ಕೋಟಿಗಿಂತ ಹೆಚ್ಚಿದ್ದು ಒಂದೇ ಕಂಪನಿಯ ಪಾಲು ಶೇ. 50 ಅಥವಾ ಹೆಚ್ಚಿರಬೇಕು. ವಹಿವಾಟು 10ರಿಂದ 25 ಕೋಟಿಯಿದ್ದರೆ ಒಂದೇ ಕಂಪನಿಯ ಪಾಲು ಶೇ. 90 ಅಥವಾ ಹೆಚ್ಚಿರಬೇಕು. ಅಂದರೆ ಅಳತೆಗೋಲು ಪೂರ್ತಿ ಮಾರುಕಟ್ಟೆಯದ್ದು. ಆ ಔಷಧ ಇಲ್ಲದಿದ್ದರೆ ಮನುಷ್ಯ ಸಾಯ್ತಾನೋ ಬದುಕ್ತಾನೋ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಹತ್ತು ಕಂಪನಿಗಳು ತಯಾರಿಸುತ್ತಿವೆಯೇ? ಹಾಗಾದರೆ ಪೈಪೋಟಿ ಇದೆ, ಬೆಲೆ ತಾನಾಗೇ ಇಳಿಯುತ್ತೆ, ಎಂಬ ನಂಬಿಕೆ.

ಈ ನಂಬಿಕೆ ಪೆನ್ನು, ಸೋಪಿಗೆ ಸರಿ. ಔಷಧಕ್ಕೆ ಯಾಕೆ ಸರಿಯಲ್ಲ ಅಂದರೆ, ಇಲ್ಲಿ ಆರಿಸುವವರು ಒಬ್ಬರು (ಡಾಕ್ಟರು), ದುಡ್ಡು ಕೊಡುವವರು ಇನ್ನೊಬ್ಬರು (ಆಯಿ). ಡಾಕ್ಟರು ಬರೆದ ಬ್ರಾಂಡ್ ಬಿಟ್ಟು "ಇದರಾಗ ಸೋವಿದು ಕೊಡ್ರಿ" ಅಂತ ಚೌಕಾಸಿ ಮಾಡೋ ಧೈರ್ಯ ಯಾವ ರೋಗಿಗಿದೆ?

ಈ ನೀತಿಯನ್ನು ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಪ್ರಶ್ನಿಸಲಾಯಿತು. ಕೆ.ಎಸ್. ಗೋಪಿನಾಥ್ ಮೊಕದ್ದಮೆ ಅಂತಲೇ ಅದು ಔಷಧ ಬೆಲೆಯ ಚರಿತ್ರೆಯಲ್ಲಿ ಹೆಸರಾಗಿದೆ. 2002ರ ನವೆಂಬರ್ 12ರಂದು ಹೈಕೋರ್ಟ್ ಹೊಸ ನೀತಿಯ ಜಾರಿಗೆ ತಡೆ ಕೊಟ್ಟಿತು. ಕೇಂದ್ರ ಸರಕಾರ ದಿಲ್ಲಿಗೆ ಓಡಿತು. 2003ರ ಮಾರ್ಚ್ 10ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನೇನೋ ಅಮಾನತಿನಲ್ಲಿಟ್ಟಿತು, ಆದರೆ ಜೊತೆಗೇ ಒಂದು ಷರತ್ತು ಹಾಕಿತು. ಅಗತ್ಯ ಮತ್ತು ಜೀವರಕ್ಷಕ ಔಷಧಗಳು ಬೆಲೆ ನಿಯಂತ್ರಣದಿಂದ ಹೊರಬೀಳದಂತೆ ಸರಿಯಾದ ಅಳತೆಗೋಲು ರೂಪಿಸಿ, ಅಂಥ ಔಷಧಗಳನ್ನು ಮರುಪರಿಶೀಲಿಸಿ ಅಂತ.

ಓದಿದಾಗ ಮೈ ಜುಮ್ಮೆಂದಿತು ಅಂದರೆ ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನ ಕೋರ್ಟಿನಲ್ಲಿ ಶುರುವಾದ ಒಂದು ಅರ್ಜಿಯಿಂದಾಗಿ ಇಡೀ ದೇಶದಲ್ಲಿ 74 ಔಷಧಗಳ ಹಳೇ ನಿಯಂತ್ರಣ ಮುಂದಿನ ಹತ್ತು ವರ್ಷ ಉಳಿದುಕೊಂಡಿತು! 2002ರ ನೀತಿ ಕಾಗದದಲ್ಲೇ ಉಳಿಯಿತು. 2003ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿ ಹೊಸದಾಗಿ ಬಂತು, 2011ರಲ್ಲಿ ಮತ್ತೊಮ್ಮೆ, 348 ಔಷಧಗಳೊಂದಿಗೆ. 2013ರ ಮೇ ತಿಂಗಳಲ್ಲಿ ಹೊಸ ಬೆಲೆ ನಿಯಂತ್ರಣ ಆದೇಶ ಬಂದು ಆ ಪಟ್ಟಿಯ ಔಷಧಗಳಿಗೆಲ್ಲ ಗರಿಷ್ಠ ಬೆಲೆ ಕಟ್ಟುವುದು ಶುರುವಾಯಿತು.

ಗೆದ್ದೆವು ಅಂತ ಕುಣಿಯೋಣವೇ? ತಾಳಿ. ಮೊದಲಿದ್ದ ಪದ್ಧತಿಯಲ್ಲಿ ತಯಾರಿಕೆಯ ಖರ್ಚು ಲೆಕ್ಕ ಹಾಕಿ ಅದರ ಮೇಲೆ ಇಂತಿಷ್ಟು (1995ರ ಆದೇಶದಲ್ಲಿ ಶೇ. 100ರವರೆಗೆ) ಸೇರಿಸಬಹುದಿತ್ತು. 2013ರಲ್ಲಿ ಖರ್ಚಿನ ಮಾತೇ ಹೋಯಿತು. ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚು ಪಾಲಿರುವ ಬ್ರಾಂಡುಗಳ ಬೆಲೆಗಳ ಸರಾಸರಿ ತೆಗೆದು, ಅಂಗಡಿಯವರಿಗೆ ಶೇ. 16 ಸೇರಿಸಿದರೆ ಅದೇ ಗರಿಷ್ಠ ಬೆಲೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಒಂದೇ ಗುಳಿಗೆಯನ್ನು ಮೂರು ಕಂಪನಿಗಳು 10, 8, 3 ರೂಪಾಯಿಗೆ ಅಂಗಡಿಗೆ ಕೊಡುತ್ತಿವೆ. ಸರಾಸರಿ 7, ಶೇ. 16 ಸೇರಿಸಿದರೆ 8 ರೂಪಾಯಿ 12 ಪೈಸೆ. ತಯಾರಿಸಲು ತಗಲಿದ್ದು ಒಂದೇ ರೂಪಾಯಿ ಇದ್ದರೂ ಗರಿಷ್ಠ ಬೆಲೆ 8.12! ತುಂಬಾ ಮೇಲಿದ್ದವರು ಕೆಳಗಿಳಿಯಬೇಕು ಅನ್ನೋದಷ್ಟೇ ಲಾಭ. ಮೇಲಾಗಿ ವರ್ಷಕ್ಕೊಮ್ಮೆ ಸಗಟು ಬೆಲೆ ಸೂಚ್ಯಂಕ ಏರಿದಷ್ಟು ಇದೂ ಏರಬಹುದು. 2022ರ ಏಪ್ರಿಲ್‌ನಲ್ಲಿ ಶೇ. 10.77, 2023ರಲ್ಲಿ ಶೇ. 12.12 ಏರಿಕೆಗೆ ಅವಕಾಶ ಸಿಕ್ಕಿತ್ತು. ನಮ್ಮ ಕಡಲೆಗೆ ಹೀಗೊಂದು ಸೂತ್ರ ಇದ್ದಿದ್ದರೆ ನಮ್ಮಪ್ಪ ಕುಣಿದಾಡಿಬಿಡುತ್ತಿದ್ದ :-)

ಇಲ್ಲಿಗೆ ಬಂದಾಗ ನನಗೊಂದು ಹೊಳೆಯಿತು. ಇಷ್ಟೆಲ್ಲಾ ಜಗಳ ಅಂಗಡಿಯ ಬೆಲೆಯದ್ದು. ಸರಕಾರಿ ದವಾಖಾನೆ ಅಂಗಡಿಯ ಬೆಲೆಗೆ ಕೊಳ್ಳುವುದೇ ಇಲ್ಲ! ಅದು ಟೆಂಡರಿನಲ್ಲಿ ಲಕ್ಷಗಟ್ಟಲೆ ಗುಳಿಗೆ ಒಟ್ಟಿಗೆ ಕೊಳ್ಳುತ್ತದೆ. ಅಲ್ಲಿನ ದರ ಅಂಗಡಿ ದರದ ಸಣ್ಣ ಪಾಲು. ಆಯಿಯ ಕೈಗೆ ಬಂದಾಗ ಬೆಲೆ ಸೊನ್ನೆ. ಸ್ಟಾಕು ಸೊನ್ನೆಯಾದ ದಿನ ಮಾತ್ರ ಅದೇ ಗುಳಿಗೆಯ ಬೆಲೆ ಒಮ್ಮೆಲೇ ಅಂಗಡಿಯ ಪೂರ್ತಿ ಬೆಲೆಗೆ ಹಾರುತ್ತದೆ. ಅಂದರೆ ಸರಕಾರಿ ದವಾಖಾನೆಯಲ್ಲಿ ಔಷಧದ ಬೆಲೆಯನ್ನು ನಿಯಂತ್ರಿಸುವುದು ಕೋರ್ಟೂ ಅಲ್ಲ, ಸೂತ್ರವೂ ಅಲ್ಲ, ಉಗ್ರಾಣ.

ಉಗ್ರಾಣದ ವಿಷಯದಲ್ಲಿ ಪಾಠ ಹೇಳಿಕೊಟ್ಟವರು ಪಕ್ಕದ ತಮಿಳುನಾಡಿನವರು. (ಕಾವೇರಿ ಜಗಳ ಈಗ ಬದಿಗಿಡಿ.) 1994ರ ಜುಲೈನಲ್ಲಿ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಸ್ಥಾಪನೆಯಾಯಿತು, 1995ರ ಜನವರಿಯಿಂದ ಕೆಲಸ ಶುರು. ಅವರು ಮಾಡಿದ್ದೇನೂ ರಾಕೆಟ್ ವಿಜ್ಞಾನವಲ್ಲ. ಕೊಳ್ಳುವ ಔಷಧಗಳ ಪಟ್ಟಿಯನ್ನು ಚಿಕ್ಕದು ಮಾಡಿದರು, ಬ್ರಾಂಡ್ ಹೆಸರು ಬಿಟ್ಟರು. ಟೆಂಡರಿಗೆ ಎರಡು ಲಕೋಟೆ. ಮೊದಲನೆಯದರಲ್ಲಿ ಕಂಪನಿಯ ಅರ್ಹತೆ, ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ಪಾಸಾದವರ ಎರಡನೇ ಲಕೋಟೆ ಮಾತ್ರ ತೆರೆಯೋದು. ಜಿಲ್ಲೆಗಳಲ್ಲಿ ಉಗ್ರಾಣ ಕಟ್ಟಿ ತಿಂಗಳುಗಟ್ಟಲೆಯ ದಾಸ್ತಾನು ಇಟ್ಟರು. ಬಂದ ಮಾಲಿನ ಮಾದರಿಯನ್ನು, ಕಂಪನಿಯ ಹೆಸರು ಕಾಣದಂತೆ ಸಂಕೇತ ಸಂಖ್ಯೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ನನಗೆ ತುಂಬಾ ಹಿಡಿಸಿದ್ದು ಪಾಸ್‌ಬುಕ್ ಪದ್ಧತಿ. ಪ್ರತಿ ದವಾಖಾನೆಗೂ ಬ್ಯಾಂಕಿನದರಂತೆ ಒಂದು ಪುಸ್ತಕ, ಅದರಲ್ಲಿ ಆ ವರ್ಷದ ಮೊತ್ತ. ಉಗ್ರಾಣಕ್ಕೆ ಹೋಗಿ ಬೇಕಾದ ಔಷಧ ಎತ್ತಿಕೊಂಡರೆ ಅಷ್ಟು ಕಳೆಯುತ್ತದೆ. ಏನು ಬೇಕು ಅಂತ ಹೇಳೋದು ಕೆಳಗಿನ ದವಾಖಾನೆ, ಮೇಲಿನವರು ಕಳಿಸಿದ್ದನ್ನು ತೆಗೆದುಕೊಳ್ಳೋ ಪದ್ಧತಿ ಅಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ‘ಪುಶ್’ ಬಿಟ್ಟು ‘ಪುಲ್’ ಮಾಡಿದರು.

ನಮ್ಮಲ್ಲಿ? ಮೊದಲು ಸರಕಾರಿ ವೈದ್ಯಕೀಯ ಉಗ್ರಾಣ ಅಂತ ಬೆಂಗಳೂರಿನಲ್ಲಿತ್ತು. 1999ರಲ್ಲಿ ಸರಕಾರ ಡಾ. ಎಚ್. ಸುದರ್ಶನ್ ಅವರ ನೇತೃತ್ವದಲ್ಲಿ ಆರೋಗ್ಯ ಕಾರ್ಯಪಡೆ ರಚಿಸಿತು. ಹೌದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಅದೇ ಸುದರ್ಶನ್. 2001ರ ಏಪ್ರಿಲ್‌ನಲ್ಲಿ ಬಂದ ಅವರ ಅಂತಿಮ ವರದಿ ಸರಕಾರಿ ಆರೋಗ್ಯ ವ್ಯವಸ್ಥೆಯ ಭ್ರಷ್ಟಾಚಾರವನ್ನು ಮುಚ್ಚುಮರೆಯಿಲ್ಲದೆ ಹೆಸರಿಸಿತು. ಸರಕಾರವೇ ನೇಮಿಸಿದ ಸಮಿತಿಯೊಂದು ಸರಕಾರದ ಬಗ್ಗೆ ಇಷ್ಟು ನೇರವಾಗಿ ಬರೆಯೋದು ಅಪರೂಪ. ಅದೇ ಕಾಲಕ್ಕೆ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕಾಯ್ದೆಯೂ (1999ರದ್ದು, ಮರುವರ್ಷ ಜಾರಿ) ಬಂದಿತ್ತು. 2002-03ರ ಸುಮಾರಿಗೆ ತಮಿಳುನಾಡಿನ ಹಾದಿಯಲ್ಲೇ ಕರ್ನಾಟಕ ರಾಜ್ಯ ಡ್ರಗ್ಸ್ ಲಾಜಿಸ್ಟಿಕ್ಸ್ ಅಂಡ್ ವೇರ್‌ಹೌಸಿಂಗ್ ಸೊಸೈಟಿ ಹುಟ್ಟಿಕೊಂಡಿತು. ಈಗ ಅದರ ಕೆಲಸ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ್ದು. ಆಯಿಯ ಕಿಟಕಿಯವರು ಹೇಳಿದ "ಮ್ಯಾಲಿಂದ" ಅಂದರೆ ಇದು!

ಆ ದಾರಿಯಲ್ಲಿ ಗುಳಿಗೆಯೊಂದು ಬರೋದು ಹೇಗೆ ನೋಡಿ. ನವಲಗುಂದ, ಕುಂದಗೋಳ, ಕಲಘಟಗಿಯ ದವಾಖಾನೆಗಳು ಮುಂದಿನ ವರ್ಷಕ್ಕೆ ಎಷ್ಟು ಬೇಕು ಅಂತ ಪಟ್ಟಿ ಕಳಿಸಬೇಕು. ಅದು ಜಿಲ್ಲೆಯಲ್ಲಿ ಒಟ್ಟಾಗಿ, ರಾಜ್ಯದಲ್ಲಿ ಒಟ್ಟಾಗಿ ಟೆಂಡರ್ ಆಗಬೇಕು. ಕೆಲವು ಔಷಧಕ್ಕೆ ಒಬ್ಬರೂ ಬರುವುದಿಲ್ಲ, ಮರು ಟೆಂಡರ್. ಹಿಂದಿನ ಬಿಲ್ಲು ತಡವಾದರೆ ಸರಬರಾಜುದಾರ ಮುಂದಿನ ಸಲ ದರ ಏರಿಸುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಮಾಲು ಬಂದ ಮೇಲೆ ಪರೀಕ್ಷೆ, ಆಮೇಲೆ ಜಿಲ್ಲಾ ಉಗ್ರಾಣ, ಆಮೇಲೆ ತಾಲೂಕು. ಸರಪಳಿಯ ಒಂದು ಕೊಂಡಿ ಮೂರು ತಿಂಗಳು ತಡವಾದರೆ ಕೊನೆಯ ಕಿಟಕಿಯಲ್ಲಿ ಮೂರು ತಿಂಗಳು ಖಾಲಿ. ನಡುವೆ ತೀರಾ ಅಗತ್ಯ ಬಿದ್ದರೆ ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ಅಲ್ಲಲ್ಲೇ ಕೊಳ್ಳಬಹುದು, ಆದರೆ ಆಗ ಲಕ್ಷಗಟ್ಟಲೆ ಕೊಳ್ಳುವವನ ದರ ಸಿಗೋದಿಲ್ಲ. ಇನ್ನು ಅಣ್ಣಿಗೇರಿಯಂಥ ಕಡೆ (ಪಂಪನ ಊರು, ತಾಲೂಕಾಗಿದ್ದು 2018ರಲ್ಲಿ) ಬೋರ್ಡು ಬದಲಾದಷ್ಟು ಬೇಗ ಔಷಧದ ಪಟ್ಟಿ ಬೆಳೆಯೋದಿಲ್ಲ ಅಂತ ನನ್ನ ಅನುಮಾನ.

ಹಾಗಾದರೆ ಇನ್ನೂ ಕಡಿಮೆ ದರಕ್ಕೆ, ಇನ್ನೂ ಬೇಗ ಕೊಂಡರಾಯಿತಲ್ಲ? ಇಲ್ಲೇ ಭಯ ಹುಟ್ಟೋದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಒಟ್ಟು ಐದು ಜನ. ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಅದು ಕೊಳ್ಳುವ ನಿಗಮದ ಮೂಲಕವೇ ಬಂದ ಮಾಲು. ಅದೇ ಸರಬರಾಜುದಾರರ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆ ಅಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಅಂದಿತ್ತು ಎಂಬುದು ಆಮೇಲೆ ಹೊರಬಂತು. ಅಧಿಕಾರಿಗಳು ಅಮಾನತಾದರು, ಸರಬರಾಜುದಾರ ಕಪ್ಪುಪಟ್ಟಿಗೆ ಸೇರಿದ.

ಇದನ್ನು ಓದುವಾಗ ನಮ್ಮ ಜಿಲ್ಲೆಯದ್ದೇ ಒಂದು ಹಳೇ ಕಥೆ ನೆನಪಾಯಿತು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ, ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಕಂಡುಹಿಡಿದ ಲಸಿಕೆಯನ್ನು ಲ್ಯೂಮನ್ ಎಂಬ ಮಿಲಿಟರಿ ಡಾಕ್ಟರು ಮನೆಮನೆಯವರಿಗೆ ಹಾಕಿದರು. ಸುಮಾರು 50 ಸಾವಿರ ಜನರಿದ್ದ ಊರಿನಲ್ಲಿ 38 ಸಾವಿರದಷ್ಟು ಜನ ಚುಚ್ಚಿಸಿಕೊಂಡರು. ಸರಕಾರದ್ದೇ ಪ್ರಯೋಗಾಲಯ, ಸರಕಾರದ್ದೇ ಖರ್ಚು. ಪ್ಲೇಗ್ ಲಸಿಕೆ ಕೆಲಸ ಮಾಡುತ್ತದೆ ಅಂತ ತೋರಿಸಲು ಹುಬ್ಬಳ್ಳಿಯ ಅಂಕಿಗಳನ್ನು ಬಳಸಿಕೊಂಡರು. ಬೇಡಿಕೆ ಏರಿತು. ಬೇಗ ಬೇಗ ತಯಾರಿಸಲು ವಿಧಾನದಲ್ಲಿ ಬದಲಾವಣೆಯಾಯಿತು, ಕಾರ್ಬಾಲಿಕ್ ಆಮ್ಲ ಬಿಟ್ಟರು. 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಕೆಲಸ ಕಳೆದುಕೊಂಡರು. ಬಾಟಲಿ ಕೆಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಹಳ್ಳಿಯಲ್ಲಿ ಅದನ್ನು ತೆರೆಯುವಾಗ ಅಂತ ಒಪ್ಪಿಕೊಳ್ಳಲು 1907 ಬರಬೇಕಾಯಿತು. ಎರಡು ಪ್ರಕರಣ ಒಂದೇ ಅಂತ ನಾನು ಹೇಳುತ್ತಿಲ್ಲ. ಸರಕಾರ ಒಂದೇ ಕಡೆಯಿಂದ ಎಲ್ಲರಿಗೂ ಔಷಧ ಕೊಡುವಾಗ ಒಂದು ಬಾಟಲಿಯ ತಪ್ಪು ಎಷ್ಟು ಜನರನ್ನು ಮುಟ್ಟುತ್ತದೆ, ತಪ್ಪು ಎಲ್ಲಾಯಿತು ಅಂತ ಹುಡುಕೋದು ಎಷ್ಟು ಕಷ್ಟ ಅನ್ನೋದು ಮಾತ್ರ ಒಂದೇ. ಅದಕ್ಕೇ ದರ ಇಳಿಸುವ ಭರದಲ್ಲಿ ಪರೀಕ್ಷೆಯ ಖರ್ಚನ್ನು ಕಡಿಮೆ ಮಾಡಬಾರದು ಅನ್ನೋದು ನನ್ನ ವಾದ. ಟೆಸ್ಟಿಂಗ್ ಬಿಟ್ಟು ರಿಲೀಸ್ ಮಾಡಿದರೆ ಏನಾಗುತ್ತೆ ಅಂತ ನಮ್ಮ ಕಸುಬಿನವರಿಗೆ ಹೇಳಿಕೊಡಬೇಕಿಲ್ಲ, ಆದರೆ ನಮ್ಮಲ್ಲಿ ಬರೀ ಸರ್ವರ್ ಸಾಯುತ್ತೆ.

ಇನ್ನೊಂದು ವಿಷಯ, ಜನೌಷಧಿ. 2008ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಮೊದಲ ಅಂಗಡಿ ತೆರೆದ ಯೋಜನೆ ಇದು. ಬ್ರಾಂಡ್ ಇಲ್ಲದ ಔಷಧ, ಕಡಿಮೆ ಬೆಲೆ. ಕರ್ನಾಟಕದ ಅನೇಕ ಸರಕಾರಿ ಆಸ್ಪತ್ರೆಗಳ ಆವರಣದಲ್ಲೂ ಇಂಥ ಅಂಗಡಿಗಳು ಬಂದವು. 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಆವರಣದೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ನಾವು ಉಚಿತವಾಗಿ ಕೊಡುವಾಗ ಅಲ್ಲಿ ಮಾರುವ ಅಂಗಡಿ ಯಾಕೆ ಅನ್ನೋದು ಅದರ ತರ್ಕ. ಅಂಗಡಿಯವರು ಹೈಕೋರ್ಟಿಗೆ ಹೋದರು. ಜುಲೈನಲ್ಲಿ ಆದೇಶಕ್ಕೆ ತಾತ್ಕಾಲಿಕ ತಡೆ ಕೊಟ್ಟಿದ್ದು ನಮ್ಮ ಧಾರವಾಡ ಪೀಠ. ರಾಜಕೀಯ ಬಿಡಿ, ಎರಡೂ ಕಡೆಯ ಮಾತು ನನಗೆ ಅರ್ಥವಾಗುತ್ತದೆ. ಕಿಟಕಿಯಲ್ಲಿ ಗುಳಿಗೆ ಇದ್ದ ದಿನ ಸರಕಾರದ ಮಾತು ಸರಿ. ಇಲ್ಲದ ದಿನ ಆಯಿಗೆ ಬಾಗಿಲ ಬಳಿಯ ಸೋವಿ ಅಂಗಡಿಯೇ ಬೇಕು. ಕಿಟಕಿಯ ಹೊರಗೆ ಒಂದು ಹಲಗೆ ಹಾಕಿ, ಇವತ್ತು ಯಾವ ಔಷಧ ಎಷ್ಟಿದೆ, ಖಾಲಿಯಾಗಿದ್ದು ಯಾವಾಗ ಬರುತ್ತದೆ ಅಂತ ಕನ್ನಡದಲ್ಲಿ ಬರೆದರೆ ಸಾಕು ಅಂತ ನನಗನಿಸುತ್ತದೆ. ನೀರಿನ ಕರದ ಲೆಕ್ಕ ಕೇಳಿ 1980ರಲ್ಲಿ ಗುಂಡೇಟು ತಿಂದ ಊರು ನವಲಗುಂದ. ಗುಳಿಗೆಯ ಲೆಕ್ಕ ಕೇಳೋದು ಅಲ್ಲಿನವರಿಗೆ ಕಷ್ಟವಾಗಲಾರದು.

ಮೊನ್ನೆ ಆಯಿಗೆ ಫೋನ್ ಮಾಡಿದಾಗ ಕೇಳಿದೆ, "ಬಿ.ಪಿ. ಗುಳಿಗಿ ಬಂದಾವೇನ?"

"ಬಂದಾವ ತಮ್ಮಾ, ಎರಡ ತಿಂಗಳದ್ದು ಒಮ್ಮೆ ಕೊಟ್ಟಾರ."

"ಮತ್ತ ಈಗ ಪೂರ್ತಿ ತಗೋತಿಯೋ ಇಲ್ಲೋ?"

"ನೀ ತಂದಿದ್ದನ್ನ ತಗೊಳಾಕತ್ತೀನಿ. ಸರಕಾರದ್ದು ಡಬ್ಬ್ಯಾಗ ಇಟ್ಟೀನಿ. ಮತ್ತ ಖಾಲಿ ಆತಂದ್ರ ಬೇಕಲ್ಲ?"

ಡಬ್ಬಿಯಲ್ಲಿಟ್ಟ ಗುಳಿಗೆಯ ಅವಧಿ ಯಾವಾಗ ಮುಗಿಯುತ್ತೆ ಅಂತ ತಮ್ಮನಿಗೆ ನೋಡೋಕೆ ಹೇಳಿದ್ದೇನೆ. ಇನ್ನೂ ಹೇಳಿಲ್ಲ ಅವನು.